ಅಕ್ಕಯ್ಯಮ್ಮನ ತಲೆಕೊಡತಿ

ಹೊಸಹಳ್ಳಿಯ ಅಕ್ಕಯ್ಯಮ್ಮನಿಗೆ ತನ್ನ ಕೊರಳಿನ ಮೇಲೆ ಜಂಬವಿತ್ತು ಎಂದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಉಳಿದರ್ಧವನ್ನು ಕಾಣಬೇಕಾದರೆ ವಿಜಯನಗರ ಬಡಾವಣೆಯ ಯಾವುದಾದರೂ ಮನೆಯ ತಾರಸಿಯನ್ನು ಹತ್ತಬೇಕು. ಜೋರು ಮಳೆ ಹೊಯ್ದು ನಿಂತ ಮೇಲೂ ಕೆಳಗಿನ ಕೋಣೆಯ ಸೂರಿನಲ್ಲಿ ತೇವದ ಕಲೆಯೊಂದು ಕಾಣದಿದ್ದರೆ, "ಅದು ನಾನು ಪದ ಹೇಳಿದ ತಾರಸಿ ಕಣೇ" ಎಂದು ಅವಳು ಬೀದಿಯಲ್ಲಿ ನಿಂತು ಬೆರಳು ತೋರಿಸುತ್ತಿದ್ದಳು. ಮನೆ ಕಟ್ಟಿಸಿದವರ ಹೆಸರು ಅವಳಿಗೆ ಮರೆತಿರುತ್ತಿತ್ತು. ಎಂಜಿನಿಯರನ ಹೆಸರು ಮೊದಲಿಂದಲೂ ಗೊತ್ತಿರುತ್ತಿರಲಿಲ್ಲ. ಯಾವ ತಾರಸಿಯ ಮೇಲೆ ಯಾವ ಪದ ಹೇಳಿದ್ದೆ ಎಂಬುದು ಮಾತ್ರ ನಾಲಗೆಯ ತುದಿಯಲ್ಲಿರುತ್ತಿತ್ತು.

ಎಂಬತ್ತರ ದಶಕದ ಆ ವರ್ಷಗಳಲ್ಲಿ ವಿಜಯನಗರ, ಬಸವೇಶ್ವರನಗರಗಳ ಖಾಲಿ ನಿವೇಶನಗಳು ಒಂದರ ಹಿಂದೊಂದು ಗೋಡೆ ಎಬ್ಬಿಸಿಕೊಳ್ಳುತ್ತಿದ್ದವು. ಕಾಂಕ್ರೀಟ್ ಸೂರು ಬಿದ್ದ ಮೇಲೆ ಅದರ ನೆತ್ತಿಗೆ ಸುಣ್ಣ ಮತ್ತು ಇಟ್ಟಿಗೆಚೂರು ಕಲಸಿದ ಗಾರೆಯನ್ನು ದಪ್ಪನಾಗಿ ಹರಡಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುತ್ತ, ಮರದ ಕೊಡತಿಗಳಿಂದ ಬಡಿದು ಬಡಿದು ಗಟ್ಟಿ ಮಾಡಬೇಕಿತ್ತು. ಹೆಂಗಸರು ಸಾಲಾಗಿ ಕುಕ್ಕುರುಗಾಲಿನಲ್ಲಿ ಕೂತು, ತಂತಮ್ಮ ಪಟ್ಟೆಯನ್ನು ಬಡಿಯುತ್ತ ಅಂಗುಲ ಅಂಗುಲವಾಗಿ ಮುಂದೆ ಸರಿಯುತ್ತಿದ್ದರು. ಕೊಡತಿಗಳು ಒಟ್ಟಿಗೆ ಬೀಳಬೇಕು, ಒಂದೇ ತೂಕದಲ್ಲಿ ಬೀಳಬೇಕು. ಎಲ್ಲಾದರೂ ಪೆಟ್ಟು ಹಗುರವಾಯಿತೋ, ಒಳಗೆ ಗಾಳಿಯ ಗೂಡು ಉಳಿದು ಒಂದಲ್ಲ ಒಂದು ದಿನ ನೀರು ಅಲ್ಲಿಂದಲೇ ಇಳಿಯುತ್ತದೆ. ಆ ತೂಕವನ್ನು ಹಿಡಿದಿಡುವುದು ಪದದ ಕೆಲಸ. ಸಾಲಿನ ಬಲತುದಿಯಲ್ಲಿ ಕೂತವಳು ಪದ ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹೇಳುತ್ತ ಕೊಡತಿ ಇಳಿಸುತ್ತಿದ್ದರು. ಪದ ಎತ್ತುವವಳ ಕೈಯಲ್ಲಿ ಇರುವುದೇ ತಲೆಕೊಡತಿ. ಅದೂ ಉಳಿದವುಗಳಂತೆ ಹುಣಸೆಮರದ್ದೇ, ತೂಕದಲ್ಲೂ ಹೆಚ್ಚಿನದಲ್ಲ. ಆದರೆ ಮನೆಯೊಡತಿಯ ಅರಿಸಿನ ಕುಂಕುಮ ಮೊದಲು ಸಲ್ಲುವುದು ತಲೆಕೊಡತಿಯವಳಿಗೆ. ಟೀ ಮೊದಲು ಅವಳಿಗೆ, ಊಟದ ಹೊತ್ತಿನಲ್ಲಿ ನೀರಿನ ತೊಟ್ಟಿಯ ನೆರಳೂ ಮೊದಲು ಅವಳಿಗೆ.

ತಾರಸಿಯ ಮೇಲೆ ಹೇಳುವವೆಲ್ಲ ಕಸುಬಿನ ಪದಗಳು. ಒಂದು ಮನೆಗೆ ಯಾವ ಯಾವ ಕಸುಬಿನವರ ಕೈ ತಾಗಿದೆಯೋ ಅಷ್ಟೂ ಜನರನ್ನು ನೆತ್ತಿಯ ಮೇಲೆ ಹಾಡಿ ಮುಗಿಸಬೇಕೆಂಬುದು ಗಾರೆಯವರ ನೇಮ. ಬಡಗಿಯನ್ನು ಬಿಟ್ಟರೆ ಬಾಗಿಲು ಬಿಗಿಯುತ್ತದೆ, ಕಮ್ಮಾರನನ್ನು ಬಿಟ್ಟರೆ ಕಿಟಕಿಯ ಸರಳು ತುಕ್ಕು ಹಿಡಿಯುತ್ತದೆ ಎಂದು ಅವರು ನಂಬಿದ್ದರು. ಅಕ್ಕಯ್ಯಮ್ಮನಿಗೆ ಈ ಪದಗಳು ಬಂದದ್ದು ಅತ್ತೆಯಿಂದ, ರಾಗಿಕಲ್ಲಿನ ಮುಂದೆ. ಆಗ ಹೊಸಹಳ್ಳಿ ಹಳ್ಳಿಯೇ ಆಗಿತ್ತು. ಅತ್ತೆಮನೆಯ ಹೊಲ ಬಡಾವಣೆಗೆ ಹೋಯಿತು, ಬೀಸುವ ಕಲ್ಲು ಹಿತ್ತಿಲು ಸೇರಿತು, ಅತ್ತೆ ಮಣ್ಣಿಗೆ ಸೇರಿದಳು. ತಾನು ಕಳೆ ಕಿತ್ತ ನೆಲದ ಮೇಲೆಯೇ ಎದ್ದ ಮನೆಯೊಂದರ ತಾರಸಿ ಬಡಿಯಲು ಹೋದಾಗ ಅಕ್ಕಯ್ಯಮ್ಮನ ಬಳಿ ಆ ಮನೆತನದ್ದೆಂದು ಉಳಿದಿದ್ದದ್ದು ಪದಗಳು ಮಾತ್ರ.

ಕುಲುಮೆ ಊದ್ಯಾನೆ ಕಮ್ಮಾರ, ಕಬ್ಬಿಣದ
ಗುಳವ ಕಾಯಿಸಿ ಬಡಿದಾನೆ, ಆ ಗುಳಕೆ
ಹೊಲವೆಲ್ಲ ಬಾಯಿ ತೆರೆದಾವೆ

ಎಂದು ಅವಳು ಎತ್ತಿದರೆ, "ಬಡಿಯೇ ತಂಗಿ ಬಡಿಯೇ" ಎಂಬ ಸೊಲ್ಲಿನೊಂದಿಗೆ ಕೊಡತಿಗಳೆಲ್ಲ ಒಂದೇ ಕೈಯವಾಗಿ ಇಳಿಯುತ್ತಿದ್ದವು. ಮೇಸ್ತ್ರಿ ಬೈರಯ್ಯನ ಗುಂಪಿನಲ್ಲಿ ತಲೆಕೊಡತಿ ಯಾರದು ಎಂದು ಯಾರೂ ಕೇಳುತ್ತಿರಲಿಲ್ಲ. ಸೂರ್ಯ ಯಾವ ಕಡೆ ಹುಟ್ಟುತ್ತಾನೆಂದು ಯಾರು ಕೇಳುತ್ತಾರೆ?

ಆ ಬೇಸಿಗೆಯಲ್ಲಿ ಬಸವೇಶ್ವರನಗರದ ಗುರುಸಿದ್ದಯ್ಯನವರ ಮನೆಯ ತಾರಸಿ ಹಿಡಿದಾಗ ಗುಂಪಿನ ಲಿಂಗಮ್ಮ ಮಗಳ ಬಾಣಂತನಕ್ಕೆ ಹೋಗಿದ್ದಳು. ಅವಳ ಜಾಗಕ್ಕೆ ಬೈರಯ್ಯ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳನ್ನು ಕರೆತಂದ.

"ಅಕ್ಕಯ್ಯಮ್ಮಾ, ಇವಳು ಬ್ಯಾಡರಹಳ್ಳಿಯವಳು. ಜಗದಾಂಬಾ ಅಂತ."

"ಹೆಸರೇನೋ ಗೋಪುರದಷ್ಟೈತೆ," ಎಂದಳು ಅಕ್ಕಯ್ಯಮ್ಮ ಎಲೆಗೆ ಸುಣ್ಣ ಸವರುತ್ತ. "ಕೈ ಎಂಗೈತೋ ನೋಡ್ಬೇಕು."

"ಕೈ ನೋಡೋಕೆ ಕಣಿ ಹೇಳೋರು ಬೇಕಲ್ಲಕ್ಕ," ಎಂದಳು ಬಂದವಳು, ಸೆರಗನ್ನು ಸೊಂಟಕ್ಕೆ ಬಿಗಿಯುತ್ತ. "ನೀವು ಕೊಡತಿ ನೋಡಿ, ಸಾಕು."

ಸಾಲಿನಲ್ಲಿದ್ದ ಅಂಜಮ್ಮ ಕಿಸಕ್ಕನೆ ನಕ್ಕಳು. ಅಕ್ಕಯ್ಯಮ್ಮ ನಗಲಿಲ್ಲ. ಹೊಸಬಳನ್ನು ಸಾಲಿನ ಎಡತುದಿಯಲ್ಲಿ ಕೂರಿಸಲಾಯಿತು. ಅವಳ ಪೆಟ್ಟು ತಪ್ಪಲಿಲ್ಲ, ಜಾರಲಿಲ್ಲ. ಕರೆದು ಹೇಳುವಂಥ ತಪ್ಪು ಒಂದೂ ಸಿಗದೆ ಅಕ್ಕಯ್ಯಮ್ಮನಿಗೆ ಬೆಳಗೆಲ್ಲ ಏನನ್ನೋ ಕಳೆದುಕೊಂಡಂತಿತ್ತು.

ಮಧ್ಯಾಹ್ನದ ಮುದ್ದೆ ಹೊಟ್ಟೆಗೆ ಇಳಿದ ಮೇಲೆ ಕೊಡತಿಗಳಿಗೂ ತೂಕಡಿಕೆ. ರಾಮಕ್ಕ ಸೊಲ್ಲು ಹೇಳುತ್ತಲೇ ಕಣ್ಣು ಮುಚ್ಚುತ್ತಿದ್ದಳು. ಎಡತುದಿಯಿಂದ ಜಗದಾಂಬೆ, "ಅಕ್ಕಾ, ಒಂದು ಪದ ನಾನು ಎತ್ಲಾ?" ಎಂದಳು.

"ಎತ್ತವ್ವ, ಎತ್ತು. ನೀನೂ ಒಂದು ಕೈ ನೋಡು." ದೊಡ್ಡವಳ ಔದಾರ್ಯದಿಂದಲೇ ಅಕ್ಕಯ್ಯಮ್ಮ ಹೇಳಿದ್ದಳು. ಕುಂಬಾರನದೋ ಅಗಸನದೋ ಎರಡು ಮುರುಕು ಸಾಲು ಹೇಳಿ ನಿಲ್ಲಿಸುತ್ತಾಳೆಂದು ಅವಳ ಎಣಿಕೆ. ಜಗದಾಂಬೆ ಎತ್ತಿದ್ದು ಬೇರೆಯೇ:

ಸೀಟಿ ಊದ್ಯಾನೆ ಕಂಡಕ್ಟ್ರು, ತುಟಿಯಾಗೆ
ಚೀಟಿ ಕಚ್ಚಿಕೊಂಡು ನಿಂತವನೆ, ಚಿಲ್ಲರೆ ಕೇಳಿದ್ರೆ
ಕೋಟೆ ಬಾಗ್ಲಂಗೆ ಮುಖ ಮುಚ್ದ

ರಾಮಕ್ಕನ ಕಣ್ಣು ಪೂರ್ತಿ ತೆರೆಯಿತು. ಜಗದಾಂಬೆ ಪೆಟ್ಟು ತಪ್ಪಿಸದೆ ಮುಂದಕ್ಕೆ ಹೋದಳು:

ಬಸ್ಸು ತುಂಬೈತೆ ಕುತ್ಗೇಗಂಟ, ಒಳಗಿನ್ನು
ಉಸಿರು ಬಿಡೋಕೂ ಎಡೆಯಿಲ್ಲ, ಅವ ಕೂಗ್ದ
ಹಸು ಕಟ್ಟೋವಷ್ಟು ಜಾಗೈತೆ!

ಸಾಲೆಲ್ಲ ಬಿದ್ದು ಬಿದ್ದು ನಕ್ಕಿತು. ಕೆಳಗೆ ಸುಣ್ಣ ಕಲಸುತ್ತಿದ್ದ ಗಂಡಸರು ಸಲಿಕೆ ಊರಿ ಮೇಲೆ ನೋಡಿದರು. ಎದುರು ಮನೆಯ ಕಿಟಕಿ ತೆರೆಯಿತು. "ಇದ್ನ ಎಲ್ಲಿ ಕಲ್ತೆ ಕಣೇ?" ಎಂದು ಅಂಜಮ್ಮ ಕೇಳಿದರೆ, "ಎಲ್ಲಿ ಕಲಿಯೋದು? ದಿನಾ ಮಾಗಡಿ ರೋಡ್ ಬಸ್ಸಲ್ಲಿ ನಿಂತ್ಕೊಂಡು ಬರ್ತೀನಲ್ಲ, ಅವನ ಮುಖ ನೋಡ್ಕೊಂಡೇ ಕಟ್ದೆ," ಎಂದಳು.

ಅಕ್ಕಯ್ಯಮ್ಮ ಗಮನಿಸಿದ್ದು ಬೇರೊಂದನ್ನು. ನಗುವಿನ ನಡುವೆಯೂ ಕೊಡತಿಗಳು ಒಟ್ಟಿಗೇ ಬಿದ್ದಿದ್ದವು. ಅಷ್ಟೇ ಅಲ್ಲ, ತನ್ನ ಕಮ್ಮಾರನ ಪದಕ್ಕಿಂತ ತೂಕವಾಗಿ ಬಿದ್ದಿದ್ದವು. ಅವಳಿಗೆ ಎದೆಯಲ್ಲಿ ಸುಣ್ಣದ ಹರಳಿಗೆ ನೀರು ಸೋಕಿದಂತಾಯಿತು. ಮೇಲೆ ಏನೂ ಕಾಣದು, ಒಳಗೆ ಕುದಿ.

ಮರುದಿನ ಬೆಳಗ್ಗೆ ಅವಳ ಗಂಡ ದೊಡ್ಡಹನುಮಯ್ಯ ಬಚ್ಚಲಿನಲ್ಲಿ ಮೈಗೆ ನೀರು ಹೊಯ್ದುಕೊಳ್ಳುತ್ತ ಗುನುಗುತ್ತಿದ್ದ: "ಹಸು ಕಟ್ಟೋವಷ್ಟು ಜಾಗೈತೆ..."

ಒಲೆಯ ಮುಂದಿದ್ದ ಅಕ್ಕಯ್ಯಮ್ಮ ಊದುಕೊಳವೆ ಕೆಳಗಿಟ್ಟಳು. "ಯಾರು ಹೇಳ್ಕೊಟ್ರು ಅದ್ನ?"

"ಅಂಜಮ್ಮನ ಗಂಡ ಟೀ ಅಂಗಡೀಲಿ ಹೇಳ್ತಿದ್ದ. ಸಖತ್ತಾಗೈತೆ ಕಣೇ. ಯಾರು ಕಟ್ಟಿದ್ದಂತೆ?"

"ಯಾವಳೋ."

"ನೀನೂ ಇಂಥದ್ದೊಂದು ಕಟ್ಬಾರ್ದಾ? ಬರೀ ಕುಂಬಾರ ಕಮ್ಮಾರ ಅಂತೀಯ. ಈಗ ಎಲ್ಲವ್ರೆ ಅವರೆಲ್ಲ?"

ಮರದ ಡಿಪೋದಲ್ಲಿ ದಿಮ್ಮಿ ಹೊರುವ ಈ ಗಂಡಸು ಮದುವೆಯಾದಾಗಿನಿಂದ ಅವಳ ಒಂದೇ ಒಂದು ಪದವನ್ನೂ ಬಚ್ಚಲಿಗೆ ಕೊಂಡೊಯ್ದವನಲ್ಲ. ಆ ಬೆಳಗಿನ ಸಾರಿಗೆ ಉಪ್ಪು ಬೀಳಲಿಲ್ಲ. ಅವನು ಅದನ್ನೂ ಗುನುಗುತ್ತಲೇ ಉಂಡು ಹೋದ.

ತಾರಸಿಯ ಮೇಲೆ ಆ ದಿನ, ಕೆಳಗೆ ಮುಗಿದಷ್ಟು ಕೋಣೆಗಳಲ್ಲಿ ಆಗಲೇ ಸಂಸಾರ ಹೂಡಿದ್ದ ಮನೆಯೊಡತಿ ಇಂದ್ರಮ್ಮನವರು ತಾವೇ ಟೀ ಹಿಡಿದು ಹತ್ತಿ ಬಂದರು. ಮೊದಲ ಲೋಟ ಅಕ್ಕಯ್ಯಮ್ಮನ ಕೈಗೇ ಬಂತು, ಮಾತು ಮಾತ್ರ ಅವಳನ್ನು ದಾಟಿ ಹೋಯಿತು. "ನಿನ್ನೆ ಕಂಡಕ್ಟರದ್ದು ಹೇಳಿದ್ದು ಯಾರಮ್ಮ? ಇನ್ನೊಂದ್ಸಲ ಹೇಳ್ರೀ, ನಮ್ಮೆಜಮಾನ್ರೂ ಕೇಳ್ಬೇಕಂತೆ."

ಗುರುಸಿದ್ದಯ್ಯನವರು ಮೆಟ್ಟಿಲ ಮೇಲೆ ನಿಂತು ಕೇಳಿದರು. ಕಂಡಕ್ಟರನ ಪದವಾದ ಮೇಲೆ ಟೈಲರ್ ಬಂದ:

ಕೊರಳಿಗೆ ಟೇಪು ಟೈಲರಿಗೆ, ನಾಳೆ ಬಾ
ಮರಳಿ ಬಾರವ್ವ ಅನ್ತಾನೆ, ಗೌರಿಗೆ ಕೊಟ್ಟ ರವಿಕೆ
ಬರಲಿಲ್ಲ, ಬಂತು ಸಂಕ್ರಾಂತಿ

ಇಂದ್ರಮ್ಮನವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಬೈರಯ್ಯ ವ್ಯವಹಾರದ ಮನುಷ್ಯ. ಮನೆಯವರ ಮುಖ ಅರಳಿದರೆ ಮುಂದಿನ ಮನೆಯವರಿಗೆ ಅವರೇ ಹೆಸರು ಹೇಳುತ್ತಾರೆಂಬುದು ಅವನ ಲೆಕ್ಕ. ಊಟವಾದ ಮೇಲೆ ಅಕ್ಕಯ್ಯಮ್ಮನ ಬಳಿ ಬಂದು ತಲೆ ಕೆರೆದುಕೊಂಡ.

"ಮಧ್ಯಾಹ್ನ ಆಕೆ ಎತ್ಲಿ ಬಿಡಮ್ಮ. ನಿನ್ನ ಗಂಟಲಿಗೂ ಒಸಿ ರೆಸ್ಟು."

"ನನ್ನ ಗಂಟಲು ನಿನ್ನ ಹತ್ರ ಬಂದು ರೆಸ್ಟ್ ಕೇಳ್ತಾ?"

"ಕೋಪ ಮಾಡ್ಕೋಬೇಡ. ವಿಜಯನಗರದಲ್ಲಿ ಕಲ್ಯಾಣಮಂಟಪದ ತಾರಸಿ ನಮ್ಗೇ ಬರೋ ಹಂಗೈತೆ. ಊರಗಲ ತಾರಸಿ. ಅಲ್ಲಿಗೆ ತಲೆಕೊಡತಿ ಯಾರು ಅನ್ನೋದ್ನ ಇಲ್ಲಿ ಕೆಲಸ ಮುಗಿಯೋ ದಿನ ಹೇಳ್ತೀನಿ. ಇಬ್ರ ಕೈನೂ ನೋಡ್ದಂಗಾಗ್ಲಿ."

ಯಾರೂ ಕೇಳದಿದ್ದ ಪ್ರಶ್ನೆಯನ್ನು ಅವನು ಎಲ್ಲರ ಮುಂದೆ ಕೇಳಿಬಿಟ್ಟಿದ್ದ. ಅಕ್ಕಯ್ಯಮ್ಮ ತಲೆಕೊಡತಿಯನ್ನು ಜಗದಾಂಬೆಯ ಕೈಗೆ ಕೊಡಲಿಲ್ಲ. ಗಾರೆಯ ಮೇಲೆ ಇಟ್ಟು ಎದ್ದಳು. ಹೋಗಿ ಕೂತದ್ದು ಎಡತುದಿಯಲ್ಲಿ, ಪ್ಯಾರಾಪೆಟ್ ಗೋಡೆಗೆ ಒತ್ತಿದ ಮೂಲೆಪಟ್ಟೆಯ ಮುಂದೆ.

ಅಲ್ಲಿ ಕೂತು ಅವಳು ಮಾಡಿದ ಕೆಲಸ ಒಂದೇ: ತಪ್ಪು ಹುಡುಕುವುದು. ಇವಳ ಪದದಲ್ಲಿ ದೇವರ ಹೆಸರಿಲ್ಲ. ಕಸುಬಿನವರನ್ನು ಹೊಗಳುವುದಿರಲಿ, ಅಣಕಿಸುತ್ತಾಳೆ. ಬಸ್ಸಿನ ಕಂಡಕ್ಟರ್ ಈ ಮನೆಗೆ ಯಾವ ಇಟ್ಟಿಗೆ ಹೊತ್ತ? ಹೀಗೆ ಒಂದೊಂದೇ ಆರೋಪವನ್ನು ಜೋಡಿಸುತ್ತ, ಪ್ರತಿ ಸಾಲನ್ನೂ ಬಾಯೊಳಗೆ ಹೇಳಿಕೊಂಡು ಅದರ ಸಂದಿಗೆ ಉಗುರು ತೂರುತ್ತದೆಯೇ ಎಂದು ನೋಡುತ್ತಿದ್ದಳು.

ಅಷ್ಟರಲ್ಲಿ ಆ ಮನೆಯ ಹಿರಿಮಗಳು ಫ್ಯಾಕ್ಟರಿ ಬಸ್ಸಿನಿಂದಿಳಿದು ನೇರ ಮೇಲೆ ಬಂದಳು. ಗಡಿಯಾರದ ಕಾರ್ಖಾನೆಯಲ್ಲಿ ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡು ಸಾಸಿವೆಯಷ್ಟು ಚಕ್ರಗಳನ್ನು ಕೂರಿಸುವ ಕೆಲಸ ಅವಳದು. ಬೆಳಗ್ಗೆ ಕತ್ತಲಿರುವಾಗಲೇ ಹೋದವಳು, ಬಂದ ಕೂಡಲೇ ಎಲ್ಲರಿಗೂ ಹಂಚಲು ತಾಯಿ ಕೊಟ್ಟ ಟೀ ತಟ್ಟೆಯನ್ನು ಹಿಡಿದು ನಿಂತಿದ್ದಳು. ಜಗದಾಂಬೆ ಅವಳ ಕೆಂಪಾದ ಕಣ್ಣನ್ನು ಒಮ್ಮೆ ನೋಡಿದಳು, ಕೊಡತಿಯನ್ನು ನಿಧಾನಕ್ಕೆ ತಂದಳು, ಎತ್ತಿದಳು:

ಗಡಿಯಾರ ಮಾಡೋ ಹುಡುಗೀಗೆ, ಮನೆಯಾಗೆ
ಗಡಿಬಿಡಿ ತೀರಿದ್ದೇ ಇಲ್ಲ, ಊರಿಗೆಲ್ಲ ಹೊತ್ತು ಹಂಚಿ
ಕಡೆಗೆ ತನಗಿಷ್ಟು ಉಳಿಲಿಲ್ಲ

ಈ ಸಲ ಯಾರೂ ನಗಲಿಲ್ಲ. ಹುಡುಗಿ ತಟ್ಟೆ ಕೆಳಗಿಡುವುದನ್ನೂ ಮರೆತು ನಿಂತಳು. ಇಂದ್ರಮ್ಮನವರು ಮಗಳ ಕೈಯಿಂದ ತಟ್ಟೆಯನ್ನು ತೆಗೆದುಕೊಂಡು, "ನೀ ಹೋಗಿ ಮಲಕ್ಕೋ ಹೋಗಮ್ಮ," ಎಂದರು.

ಅಕ್ಕಯ್ಯಮ್ಮನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆಗ. ಕಂಡಕ್ಟರನ ನಗೆ ಅವಳನ್ನು ಚುಚ್ಚಿತ್ತಷ್ಟೆ. ಇದು ಹಾಗಲ್ಲ. ಬೆಳಗ್ಗೆ ಕೆಲಸಕ್ಕೆ ನಡೆದು ಬರುವಾಗ ಇಂಥ ಹುಡುಗಿಯರು ಮೂಲೆ ಮೂಲೆಯಲ್ಲಿ ಫ್ಯಾಕ್ಟರಿ ಬಸ್ಸಿಗೆ ಕಾಯುವುದನ್ನು ಎಷ್ಟು ವರ್ಷಗಳಿಂದ ನೋಡಿದ್ದಳು! ಅವರ ಕೈಯಲ್ಲಿ ಊಟದ ಡಬ್ಬಿ ಕಂಡಿತ್ತು, ಹೆರಳಿನ ಹೂ ಕಂಡಿತ್ತು. ಪದ ಕಂಡಿರಲಿಲ್ಲ. 'ಹೊತ್ತು ಹಂಚಿ' ಎಂಬ ಮಾತನ್ನು ಅವಳು ಬಾಯೊಳಗೆ ತಿರುಗಿಸಿದಳು, ಮತ್ತೆ ತಿರುಗಿಸಿದಳು. ಬಿರುಕಿಲ್ಲ. ಬಿರುಕಿಲ್ಲದಿರುವುದೇ ಅವಳಿಗೆ ಸಹಿಸದಾಯಿತು. ಇದು ನನ್ನ ಬಾಯಿಗೆ ಯಾಕೆ ಬರಲಿಲ್ಲ ಎಂಬ ಒಂದೇ ಕೊರಗಿನಲ್ಲಿ ಸಂಜೆಯಾಯಿತು. ಕೈ ಎದ್ದು ಇಳಿಯುತ್ತಲೇ ಇತ್ತು. ಅದರಲ್ಲಿ ಎಷ್ಟು ತೂಕವಿತ್ತು ಎಂದು ಯಾರೂ ನೋಡಲಿಲ್ಲ. ಅವಳೂ ನೋಡಲಿಲ್ಲ.

ಕೆಲಸ ಬಿಟ್ಟು ಇಳಿಯುವಾಗ ಅಂಜಮ್ಮನ ಕಿವಿಯಲ್ಲಿ ಹೇಳಿದಳು: "ನೋಡ್ತಿರು. ನಗ್ತಾ ಬಡಿದ ತಾರಸಿ ಅಳ್ತಾ ಸೋರುತ್ತೆ."

ಅಂಜಮ್ಮನ ಕಿವಿಗೆ ಬಿದ್ದ ಮಾತು ಅಲ್ಲೇ ಉಳಿದದ್ದುಂಟೇ? ಬಸ್‌ಸ್ಟಾಪ್ ತಲುಪುವ ಮೊದಲೇ ಅದು ಜಗದಾಂಬೆಗೆ ಮುಟ್ಟಿತು. "ಸೋರಿದ್ರೆ ಕೆಳಗೆ ಕೊಡ ಇಟ್ರಾಯ್ತು ಬಿಡಕ್ಕ. ನಲ್ಲಿ ಮುಂದೆ ಕ್ಯೂ ನಿಲ್ಲೋದು ತಪ್ಪುತ್ತೆ," ಎಂದು ಅವಳು ನಕ್ಕಳೆಂಬುದನ್ನೂ ಅಂಜಮ್ಮನೇ ತಂದು ಒಪ್ಪಿಸಿದಳು.

ಗಾರೆ ಬಲಿಯಲು ಬಿಟ್ಟು, ಆಮೇಲೆ ಅಂಚಿಗೆಲ್ಲ ಮಣ್ಣಿನ ಬದು ಕಟ್ಟಿ ತಾರಸಿಯ ತುಂಬ ನೀರು ನಿಲ್ಲಿಸಿದರು. ಅದು ಪರೀಕ್ಷೆ. ನೀರು ನಿಂತಿರುವಷ್ಟು ದಿನವೂ ಅಕ್ಕಯ್ಯಮ್ಮ ಹಬ್ಬಕ್ಕೆ ಕಾಯುವವಳಂತೆ ಕಾದಳು. ಗುಂಪು ಬೇರೊಂದು ಮನೆಯಲ್ಲಿ ಇಟ್ಟಿಗೆ ಹೊರುತ್ತಿದ್ದಾಗ ಬೈರಯ್ಯ ಬಂದು, "ಒಂದು ಕಡೆ ತೇವ ಕಾಣ್ತೈತಂತೆ, ನಡೀರಿ," ಎಂದ ಕೂಡಲೇ ಎಲ್ಲರಿಗಿಂತ ಮುಂದೆ ನಡೆದವಳು ಅವಳೇ. ಮುಖದಲ್ಲಿ ಕಳವಳ ಬಳಿದುಕೊಂಡಿದ್ದಳು; ಕಾಲು ಮಾತ್ರ ಮದುವೆಮನೆಗೆ ಹೋಗುವ ಕಾಲಿನಂತೆ ಬೀಳುತ್ತಿತ್ತು.

ಮಲಗುವ ಕೋಣೆಯ ಸೂರಿನಲ್ಲಿ, ಮೂಲೆಗೆ, ರೊಟ್ಟಿಯಗಲ ತೇವ. ಇಂದ್ರಮ್ಮನವರು ಕೆನ್ನೆಗೆ ಕೈಯಿಟ್ಟು ನಿಂತಿದ್ದರು.

"ನಾನು ಹೇಳ್ಲಿಲ್ವಾ?" ಎಂದಳು ಅಕ್ಕಯ್ಯಮ್ಮ. "ಬಾಯಾಟ ಜಾಸ್ತಿಯಾದ್ರೆ ಹಿಂಗೇ. ತಾರಸಿ ಅಂದ್ರೆ ನಾಟಕದ ಸ್ಟೇಜಾ?"

ಬೈರಯ್ಯ ಮೇಲೆ ಹತ್ತಿ ಬದು ಒಡೆದು ನೀರು ಬಿಟ್ಟ. ಕೆಳಗಿನ ಗೋಡೆಯ ಅಳತೆ ಹಿಡಿದು ಮೂಲೆಗೆ ಹೋಗಿ ಕೊಡತಿಯಿಂದ ತಟ್ಟಿದ. ಗಟ್ಟಿಯಾದ ಕಡೆ ಕಂಚಿನಂತೆ ಮೊಳಗಿದ ಸದ್ದು ಅಲ್ಲಿ ಹಳೆಯ ಗಡಿಗೆಯಂತೆ ಡಬ್ಬೆಂದಿತು. ಪ್ಯಾರಾಪೆಟ್ ಗೋಡೆಗೆ ಒತ್ತಿದ ಪಟ್ಟೆ. ಬೈರಯ್ಯ ಮತ್ತೊಮ್ಮೆ ತಟ್ಟಿದ, ತಲೆ ಎತ್ತಿದ.

"ಅಕ್ಕಯ್ಯಮ್ಮಾ, ಇದು ನಿನ್ನ ಪಟ್ಟೆ."

ಅಂಜಮ್ಮ ಹಾಲಿನಂಥ ಮುಖ ಮಾಡಿಕೊಂಡು ಕೇಳಿದಳು: "ಇದು ನಗ್ದೇ ಬಡಿದಿದ್ದು ಅಲ್ವಾ?"

"ಬಾಯ್ಮುಚ್ಚೇ," ಎಂದ ಬೈರಯ್ಯ. ಅಕ್ಕಯ್ಯಮ್ಮನ ಕಡೆ ತಿರುಗಿ ದನಿ ತಗ್ಗಿಸಿದ. "ಹೋಗ್ಲಿ ಬಿಡು. ವಯಸ್ಸಾಗ್ತಾ ಬಂತು, ಮಂಡಿ ನೋವು ಅಂತಿದ್ಯಲ್ಲ. ಕೈ ಸೋತಿರುತ್ತೆ."

ಬೈಗುಳವಾಗಿದ್ದರೆ ತಿರುಗಿಸಿ ಬೈಯಬಹುದಿತ್ತು. ಈ ಕರುಣೆಯನ್ನು ಎಲ್ಲಿಡುವುದು? ಕೈ ಸೋತಿರಲಿಲ್ಲ ಎಂದು ಹೇಳಿದರೆ, ಮತ್ತೇನಾಗಿತ್ತು ಎಂದು ಹೇಳಬೇಕಾಗುತ್ತದೆ. ಹೊಟ್ಟೆಕಿಚ್ಚಿನವಳು ಎನ್ನಿಸಿಕೊಳ್ಳುವುದಕ್ಕಿಂತ ಮುದುಕಿ ಎನ್ನಿಸಿಕೊಳ್ಳುವುದು ಮೇಲೆಂದು ಅಕ್ಕಯ್ಯಮ್ಮ ಆ ಕ್ಷಣದಲ್ಲಿ ತೀರ್ಮಾನಿಸಿದಳು. "ಊಂ, ಮಂಡಿ," ಎಂದಳು.

ಮೂಲೆಯನ್ನು ಅಗೆದು, ಹೊಸ ಗಾರೆ ತುಂಬಿ, ಭಾನುವಾರ ಮತ್ತೆ ಬಡಿಯಲು ಕೂತರು. ಅದೇ ಕೆಲಸ ಮುಗಿಯುವ ದಿನವೂ ಆಗಿತ್ತು. ಅಂದರೆ ಬೈರಯ್ಯ ಕಲ್ಯಾಣಮಂಟಪದ ತಲೆಕೊಡತಿಯ ಮಾತು ಹೇಳಬೇಕಾದ ದಿನ. ಅಕ್ಕಯ್ಯಮ್ಮನಿಗೆ ಆಸೆ ಉಳಿದಿರಲಿಲ್ಲ. ಆದರೂ ಆಸೆ ಸತ್ತಿತೆಂದು ನಂಬಿ ಯಾರೂ ಹೂಳುವುದಿಲ್ಲ.

ರಜೆಯ ದಿನವಾದ್ದರಿಂದ ಹಿರಿಮಗಳು ಮನೆಯಲ್ಲೇ ಇದ್ದಳು. ತಲೆಗೆ ಎಣ್ಣೆ ಹಚ್ಚಿಕೊಂಡು ಮೇಲೆ ಬಂದವಳು ಜಗದಾಂಬೆಯ ಎದುರು ಕೂತೇಬಿಟ್ಟಳು. "ಆಂಟಿ, ಆವತ್ತು ಗಡಿಯಾರದ್ದು ಹೇಳಿದ್ರಲ್ಲ, ಇನ್ನೊಂದ್ಸಲ ಹೇಳಿ. ನಮ್ಮ ಲೈನಲ್ಲಿ ಎಲ್ರಿಗೂ ಹೇಳ್ಬೇಕು. ಎಷ್ಟು ನೆನಪು ಮಾಡ್ಕೊಂಡ್ರೂ ಬರ್ತಾ ಇಲ್ಲ."

ಜಗದಾಂಬೆ ಎತ್ತಿದ ಕೊಡತಿಯನ್ನು ಹಾಗೆಯೇ ಹಿಡಿದಳು. "ಗಡಿಯಾರದ್ದಾ? ಅಯ್ಯೋ, ನಾನು ಕಟ್ಟಿದ್ದನ್ನ ಅಲ್ಲಲ್ಲೇ ಬಿಟ್ಟು ಹೋಗ್ತೀನಮ್ಮ. ಇರು..." ಎತ್ತಿದಳು:

ಗಡಿಯಾರ ಮಾಡೋ ಹುಡುಗೀಗೆ, ಮನೆಯಾಗೆ
ಗಡಿಬಿಡಿ ತೀರಿದ್ದೇ ಇಲ್ಲ...

ಮುಂದಿನದು ಬರಲಿಲ್ಲ. ಸೊಲ್ಲು ಬಂದು ಹೋಯಿತು. "ಊರಿಗೆಲ್ಲ ಗಡಿಯಾರ ಮಾರಿ, ಕಡೆಗೆ ತನಗೊಂದು ಕೊಳ್ಳಲಿಲ್ಲ," ಎಂದಳು ಜಗದಾಂಬೆ, ಹಣೆ ಗಂಟಿಕ್ಕಿಕೊಂಡು.

"ಹಾಗಿರ್ಲಿಲ್ಲ ಆಂಟಿ," ಎಂದಳು ಹುಡುಗಿ.

ಬೈರಯ್ಯ ನೋಡುತ್ತಿದ್ದ. ಇಂದ್ರಮ್ಮನವರು ಮೆಟ್ಟಿಲ ಬಳಿ ನಿಂತಿದ್ದರು. ರಾಮಕ್ಕನಿಗೆ ನೆನಪಿಲ್ಲ, ಅಂಜಮ್ಮನಿಗೆ ನೆನಪಿಲ್ಲ. ಅವರು ಕೇಳಿದ್ದು ಕಿವಿಯಿಂದ, ಹೇಳಿದ್ದು ಸೊಲ್ಲನ್ನು. ಆ ತಾರಸಿಯ ಮೇಲೆ ಪದವನ್ನು ಪೂರ್ತಿ ಬಲ್ಲವಳು ಒಬ್ಬಳೇ. ಒಂದು ಅಕ್ಷರವೂ ಆಚೀಚೆಯಾಗದಂತೆ ಬಲ್ಲವಳು, ಬಿರುಕು ಹುಡುಕಲೆಂದು ನೂರು ಸಲ ಬಾಯೊಳಗೆ ತಿರುಗಿಸಿದವಳು. ಈಗ ಅವಳು ಮಾಡಬೇಕಾದದ್ದು ಇಷ್ಟೆ, ಏನನ್ನೂ ಮಾಡದಿರುವುದು. ತಾನು ಕಟ್ಟಿದ ಪದವನ್ನೇ ಮರೆಯುವವಳ ಕೈಗೆ ಬೈರಯ್ಯ ಅಷ್ಟು ದೊಡ್ಡ ತಾರಸಿ ಕೊಡಲಾರ. ಅಕ್ಕಯ್ಯಮ್ಮ ತುಟಿ ಬಿಗಿದು ಬಡಿದಳು.

"ಇರು, ಬಂತು," ಎಂದು ಜಗದಾಂಬೆ ಮತ್ತೆ ಎತ್ತಿದಳು. "ಊರಿಗೆಲ್ಲ ಗಂಟೆ ಹೊಡೆದು, ಕಡೆಗೆ ಕೈಗೊಂದು ಬಳೆಯಿಲ್ಲ..."

ಮೊದಲನೆಯ ತಪ್ಪನ್ನು ಅಕ್ಕಯ್ಯಮ್ಮ ಸಿಹಿಯಂತೆ ನುಂಗಿದ್ದಳು. ಎರಡನೆಯದು ಗಂಟಲಲ್ಲೇ ನಿಂತಿತು. ಬಳೆಯಂತೆ! ಅಂಥ ಪದಕ್ಕೆ ಇಂಥ ಬಾಲ! ಮಾಡಿದವಳೇ ಅದನ್ನು ಒಡೆಯುತ್ತಿದ್ದಾಳೆ, ಕಂಡು ಬೆಂದವಳು ಸುಮ್ಮನೆ ಕೂತಿರಬೇಕೇ?

"ಅದಲ್ಲ ಕಣೇ!" ಎಂದು ಕೂಗಿದವಳು ತಾನೇ ಎಂಬುದು ಅವಳಿಗೆ ತಿಳಿಯುವಷ್ಟರಲ್ಲಿ ಕೊರಳು ಎತ್ತಿಬಿಟ್ಟಿತ್ತು:

ಗಡಿಬಿಡಿ ತೀರಿದ್ದೇ ಇಲ್ಲ, ಊರಿಗೆಲ್ಲ ಹೊತ್ತು ಹಂಚಿ
ಕಡೆಗೆ ತನಗಿಷ್ಟು ಉಳಿಲಿಲ್ಲ

"ಅದೇ! ಅದೇ!" ಎಂದು ಹುಡುಗಿ ಚಪ್ಪಾಳೆ ತಟ್ಟಿದಳು. ಹೆಂಗಸರು ಯಾರೂ ತಟ್ಟಲಿಲ್ಲ. ಕೊಡತಿಗಳೆಲ್ಲ ನಿಂತಿದ್ದವು. ಅವರ ಕಣ್ಣು ಅಕ್ಕಯ್ಯಮ್ಮನ ಮುಖದಿಂದ ಹೊಸ ಗಾರೆಯ ಮೂಲೆಗೆ, ಮೂಲೆಯಿಂದ ಮುಖಕ್ಕೆ ಹೋಗಿ ಬರುತ್ತಿದ್ದವು. ಮೊದಲು ಬಾಯಿಬಿಟ್ಟವಳು ಜಗದಾಂಬೆ.

"ಓ, ಅದಕ್ಕೇನಾ ಅಕ್ಕ ಈ ಮೂಲೆ ಸೋರಿದ್ದು? ಮಂಡಿ ಅಲ್ಲ, ಕಿವಿ! ನನ್ನ ಪದ ಕದೀತಾ ಕೂತಿದ್ಯಾ ಇಲ್ಲಿ?"

"ಕದಿಯೋಕೆ ನಿನ್ನ ಪದವೇನು ಕೆಂಪಿನ ಓಲೇನಾ?"

"ಮತ್ಯಾಕೆ ನೆನಪಿಟ್ಕೊಂಡೆ? ಕಟ್ಟಿದೋಳಿಗೇ ನೆನಪಿಲ್ಲ."

ಅಕ್ಕಯ್ಯಮ್ಮ ಕೊಡತಿಯ ಹಿಡಿಯನ್ನು ತಿರುಗಿಸಿದಳು. ಮುದುಕಿಯ ಸೋಗು ಹೋಗಿಯೇ ಬಿಟ್ಟಿತ್ತು. ಇನ್ನು ಮುಚ್ಚಿಡಲು ಏನಿತ್ತು? "ತಪ್ಪು ಹುಡುಕೋಕೆ," ಎಂದಳು.

"ಸಿಕ್ತಾ?"

ಅಕ್ಕಯ್ಯಮ್ಮ ಹೊಸ ಗಾರೆಯ ಮೂಲೆಗೊಂದು ಪೆಟ್ಟು ಕೊಟ್ಟಳು.

"ಇಲ್ಲ ಕಣೇ, ಹಾಳಾದೋಳೆ," ಎಂದಳು ಅಕ್ಕಯ್ಯಮ್ಮ. "ಸಿಕ್ಕಿದ್ರೆ ಈ ಮೂಲೆ ಯಾಕೆ ಸೋರ್ತಿತ್ತು?"

ರಾಮಕ್ಕ ನಕ್ಕಳು, ಅಂಜಮ್ಮ ನಕ್ಕಳು, ಜಗದಾಂಬೆ ಎಲ್ಲರಿಗಿಂತ ಜೋರಾಗಿ ನಕ್ಕಳು. ಬೈರಯ್ಯ ಮಾತ್ರ ನಗದೆ, ಪ್ಯಾರಾಪೆಟ್ ಗೋಡೆಯಾಚೆ ಉಗುಳಿ, ತೀರ್ಪು ಹೇಳಿದ. "ತಲೆಕೊಡತಿ ಜಗದಾಂಬೆಗೆ. ಅಕ್ಕಯ್ಯಮ್ಮ ಅವಳ ಪಕ್ಕ ಕೂರ್ಲಿ. ಅವಳು ಕಟ್ಲಿ, ಇವಳು ಇಟ್ಕೊಳ್ಲಿ."

"ನಾನೇನು ಇವಳ ಟ್ರಂಕಾ?" ಎಂದು ಅಕ್ಕಯ್ಯಮ್ಮ ರೇಗಿದಳು. ಬರುವುದಿಲ್ಲವೆಂದಳು, ತಾರಸಿಯ ಕೆಲಸವೇ ಬೇಡವೆಂದಳು. ಇಂದ್ರಮ್ಮನವರ ಅರಿಸಿನ ಕುಂಕುಮ ಆ ಸಂಜೆ ಮೊದಲು ಜಗದಾಂಬೆಗೆ ಹೋದದ್ದನ್ನು ಹಲ್ಲು ಕಚ್ಚಿ ನೋಡಿದಳು.

ಆದರೂ ಕಲ್ಯಾಣಮಂಟಪದ ಕೆಲಸ ಶುರುವಾದ ದಿನ ಅವಳು ಎಲ್ಲರಿಗಿಂತ ಮೊದಲು ಬಂದು, ತಲೆಕೊಡತಿಯ ಪಕ್ಕದ ಪಟ್ಟೆ ಹಿಡಿದು ಕೂತಿದ್ದಳು. ಬೇರೆ ಯಾರಾದರೂ ಅಲ್ಲಿ ಕೂತು ಪದಗಳನ್ನು ಅರ್ಧಂಬರ್ಧ ಮಾಡಿಬಿಟ್ಟರೆ ಎಂಬ ಭಯವೂ ಹೊಟ್ಟೆಕಿಚ್ಚಿನ ಒಂದು ಜಾತಿಯೇ. ಈ ಸಲ ಅವಳ ಕೊಡತಿ ಉಳಿದವರಿಗಿಂತ ತೂಕವಾಗಿ ಬಿತ್ತು. ಕಿವಿಯೂ ಕೆಲಸ ಮಾಡುತ್ತಿತ್ತು, ಕೈಯೂ. ಬೆಳಗ್ಗೆ ಅಲ್ಲೇ ಕಟ್ಟಿ ಹೇಳಿದ್ದ ಫೋಟೋದವನ ಪದವನ್ನು ಜಗದಾಂಬೆ ಮಧ್ಯಾಹ್ನ ಮತ್ತೆ ಎತ್ತಿದಳು:

ಫೋಟೋ ತೆಗೆಯೋನು ಮದುವ್ಯಾಗೆ, ಎಲ್ಲಾರ
ನೋಟ ತನ್ ಕಡೆಗೆ ತಿರುಗ್ಸ್ಯಾನೆ...

ಅಲ್ಲಿಗೆ ನಿಂತಿತು. ಅವಳ ಬಾಯಿ ತೆರೆದೇ ಇತ್ತು, ಕಣ್ಣು ಪಕ್ಕಕ್ಕೆ ಹೊರಳಿತು. ಅಕ್ಕಯ್ಯಮ್ಮನಿಗೆ ಗೊತ್ತಿತ್ತು. ಒಂದು ಪೆಟ್ಟು ಬಡಿದಳು, ಹೇಳಲಿಲ್ಲ. ಇನ್ನೊಂದು ಬಡಿದಳು, ಆಗಲೂ ಹೇಳಲಿಲ್ಲ. ಆ ಎರಡು ಪೆಟ್ಟುಗಳ ನಡುವೆ ಜಗದಾಂಬೆಯ ಮುಖದ ಮೇಲೆ ಬೆವರು ಒಡೆಯುವುದನ್ನು ಕಣ್ಣು ತುಂಬ ನೋಡಿಕೊಂಡಳು. ಆಮೇಲೆ, ಇನ್ನು ತಡೆದರೆ ತಾರಸಿ ಕೆಡುತ್ತದೆಂಬಲ್ಲಿಗೆ, ಕೊಟ್ಟಳು:

ಪಟದಾಗೆ ಅವನೊಬ್ನೇ ಇಲ್ಲ